ಸಿಮ್ಸ್ ಹಿಲ್‌ನ ಕೆಸರಲ್ಲಿ ನಿಂತುಬಿಟ್ಟೆವು. ಯಾವಾಗ ಕುಣಿಯಬೇಕಿತ್ತು?

ತುಂಗಾತೀರ | ಜನವರಿ 12, ರಾತ್ರಿ 9:40

ಈ ಗುಂಪಿನಲ್ಲಿ ಎಲ್ಲರೂ ಮೈಲೇಜು, ಸನ್‌ರೂಫು ಅಂತ ಮಾತಾಡ್ತೀರಿ. ನಾನು ಕೆಸರಿನ ವಿಷಯ ಎತ್ತುತ್ತಿದ್ದೇನೆ, ಬೈಬೇಡಿ.

ಬ್ರಿಸ್ಟಲ್‌ಗೆ ಬಂದು ಆರು ವರ್ಷ. ಆಫೀಸಿನಲ್ಲಿ ಒಬ್ಬ ಹಿರಿಯರಿದ್ದಾರೆ, ಮಾತು ಕಡಿಮೆ, ಮನೆಯಲ್ಲಿ ಒಂದು ಹಳೇ ಬೀಟಲ್ ಕಾರು. ಡಿಸೆಂಬರ್‌ನಲ್ಲಿ ಒಂದು ದಿನ ಬಂದು "ನಿನ್ನ ತೂಕ ಎಷ್ಟು?" ಎಂದರು. ಎಂಬತ್ತೆರಡು ಕಿಲೋ ಎಂದೆ. ಮುಖ ಅರಳಿತು. "ಎಕ್ಸೆಟರ್ ಟ್ರಯಲ್‌ಗೆ ಪಕ್ಕದ ಸೀಟಿಗೆ ಬಾ" ಅಂದರು. ಟ್ರಯಲ್ ಅಂದರೆ ಗಾಡಿಯಲ್ಲಿ ಕೆಸರಿನ ಏರು ಹತ್ತುವ ಸ್ಪರ್ಧೆ. ನನ್ನ ತೂಕ ಕೇಳಿ ಯಾರಾದರೂ ಖುಷಿಪಟ್ಟದ್ದು ಅದೇ ಮೊದಲು.

ಶುಕ್ರವಾರ ರಾತ್ರಿ ಹೊರಟೆವು. ಮಾಮೂಲಿ ರಸ್ತೆಯಲ್ಲಿ ಓಡಿಸುವುದು, ನಡುನಡುವೆ ಯಾವುದೋ ಹಳ್ಳಿಯ ಹಿಂದಿನ ಓಣಿಗೆ ಗಾಡಿ ತಿರುಗಿಸಿ ಕೆಸರಿನ ಏರು ಹತ್ತಿಸುವುದು, ಮತ್ತೆ ರಸ್ತೆಗೆ ಬೀಳುವುದು. ಬೆಳಗಾಗುವ ತನಕ ಇದೇ, ಬೆಳಗಾದ ಮೇಲೂ ಇದೇ. ಏರಿನ ಬುಡದಲ್ಲಿ ಟಯರಿನ ಗಾಳಿ ಇಳಿಸಬೇಕು, ಮೇಲೆ ಹೋದಮೇಲೆ ಮತ್ತೆ ತುಂಬಬೇಕು. ಆ ಚಳಿಯಲ್ಲಿ ವಾಲ್ವಿನ ಕ್ಯಾಪು ಬೆರಳಿಗೆ ಸಿಕ್ಕಿದೆಯೋ ಇಲ್ಲವೋ ಅಂತಲೇ ಗೊತ್ತಾಗುವುದಿಲ್ಲ. ಬೈಕಿನವರನ್ನು ನಮಗಿಂತ ಮೊದಲೇ ಬಿಟ್ಟಿರುತ್ತಾರೆ. ಅವರು ಉತ್ತುಹೋದ ಗದ್ದೆ ನಮ್ಮ ಪಾಲಿಗೆ.

ನಿಯಮ ಇಷ್ಟೇ: ಏರಿನಲ್ಲಿ ನಿಲ್ಲಬಾರದು. ಎಷ್ಟು ಬೇಗ ಹತ್ತಿದಿರಿ ಅಂತ ಯಾರೂ ಕೇಳುವುದಿಲ್ಲ. ಚಕ್ರ ಮುಂದಕ್ಕೆ ಉರುಳುತ್ತಲೇ ಇದ್ದರೆ ಪಾಸು, ನಿಂತರೆ ಫೇಲು. ಸಾಲದ್ದಕ್ಕೆ ಇನ್ನೊಂದು ಕಿತಾಪತಿ ಇದೆ. ಕೆಲವು ಏರುಗಳ ನಡುಮಧ್ಯೆ ಗೆರೆ ಹಾಕಿ, ಅಲ್ಲಿ ಬೇಕೆಂದೇ ನಿಲ್ಲಿಸಿ, ಈಗ ಹೊರಡು ಅನ್ನುತ್ತಾರೆ. ಹಿಂದಕ್ಕೆ ಜಾರಿದಿರೋ ಮುಗಿಯಿತು. ಅದು ರೀಸ್ಟಾರ್ಟ್. ಎಲ್ಲ ಏರು ಹತ್ತಿದರೆ ಚಿನ್ನ, ಒಂದು ತಪ್ಪಿದರೆ ಬೆಳ್ಳಿ, ಎರಡು ತಪ್ಪಿದರೆ ಕಂಚು.

ಸಿಮ್ಸ್ ಹಿಲ್ ಇರುವುದು ಡಾರ್ಟ್‌ಮೂರಿನ ಅಂಚಿನ ಇಲ್‌ಸಿಂಗ್ಟನ್ ಎಂಬ ಹಳ್ಳಿಯಲ್ಲಿ. ಎರಡೂ ಕಡೆ ಎತ್ತರದ ಮಣ್ಣಿನ ದಿಣ್ಣೆ, ಅದರ ಮೇಲೆ ಫ್ಲಾಸ್ಕು ಹಿಡಿದು ನಿಂತ ಜನ, ನಮ್ಮೂರಲ್ಲಿ ತೇರು ನೋಡಲು ಮಾಳಿಗೆ ಹತ್ತಿದ ಹಾಗೆ. ನನ್ನ ಕೆಲಸ ಕುಣಿಯುವುದು. ತಮಾಷೆಯಲ್ಲ, ಪಕ್ಕದ ಸೀಟಿನವನ ಅಧಿಕೃತ ಕೆಲಸವೇ ಅದು. ಹಿಂದಿನ ಚಕ್ರಕ್ಕೆ ಭಾರ ಬೀಳಲಿ ಅಂತ ಸೀಟಿನಲ್ಲಿ ಎದ್ದೆದ್ದು ಕೂರಬೇಕು. ನಾನು ಶುರುಮಾಡಿದ್ದು ಗಾಡಿ ನಿಂತ ಮೇಲೆ. ಜನ ಚಪ್ಪಾಳೆ ತಟ್ಟಿದರು, ಅದು ಇನ್ನೂ ಅವಮಾನ. ಹಗ್ಗ ಕಟ್ಟಿ ಮೇಲಕ್ಕೆ ಎಳೆಸಿಕೊಂಡೆವು. ಹಿರಿಯರು ವಾಪಸ್ ಬರುವ ತನಕ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಸ್ಟರ್‌ಗೆ ಲ್ಯಾಂಡ್ಸ್ ಎಂಡ್ ಟ್ರಯಲ್ ಇದೆ, ಇನ್ನೊಂದು ಅವಕಾಶ ಕೊಡುತ್ತಾರಂತೆ. ಗಾಡಿ ಬಲ್ಲವರು ಹೇಳಿ: ಯಾವಾಗ ಕುಣಿಯಬೇಕು?

ಧಾರವಾಡ ಪೇಡೆ | ಜನವರಿ 12, ರಾತ್ರಿ 10:05

ಅಣ್ಣಾರ, ಓದಿ ಹೊಟ್ಟಿ ಹುಣ್ಣಾಗೂ ಹಂಗ ನಕ್ಕೇನ್ರಿ. ಗಾಡಿ ನಿಂತ ಮ್ಯಾಲ ಕುಣದ್ರ ಅದು ಬ್ಯಾರೆನ ಸ್ಪರ್ಧೆ ಆಕ್ಕತಿ.

ನಮ್ಮ ಕಡೆ ಜಾತ್ರ್ಯಾಗ ಟ್ರ್ಯಾಕ್ಟರಿಗೆ ಟ್ರಾಲಿ ಕಟ್ಟಿ ರಿವರ್ಸ್ ಹೊಡಿಯೂ ಸ್ಪರ್ಧೆ ಇಡ್ತಾರ. ಅಲ್ಲೂ ಎಂಜಿನ್ ದೊಡ್ಡದಿದ್ರ ಏನೂ ಉಪಯೋಗಿಲ್ಲ, ಸ್ಟೇರಿಂಗ್ ಮ್ಯಾಲ ಕೈ ಕುಂತಿರಬೇಕು. ಇದೂ ಅದರ ಪೈಕಿನ ಅನ್ಸತೈತಿ.

ಸಂಶಯಪಿಶಾಚಿ | ಜನವರಿ 12, ರಾತ್ರಿ 11:31

ಆಟ ಅನ್ನಿ, ಒಪ್ಪುತ್ತೇನೆ. ಆದರೆ ಇಪ್ಪತ್ತು ಮೀಟರ್ ಕೆಸರು ಯಾರ ಚಕ್ರದ ಕೆಳಗೆ ಹೇಗಿತ್ತು ಅನ್ನುವುದರ ಮೇಲೆ ಪದಕ ಕೊಟ್ಟರೆ ಅದು ಲಾಟರಿ. ಕೊಡಚಾದ್ರಿ ಹತ್ತಿಸುವ ಜೀಪಿನವರು ಜನ ತುಂಬಿಕೊಂಡು ದಿನಕ್ಕೆ ಎರಡು ಮೂರು ಸಲ ಇದನ್ನೇ ಮಾಡುತ್ತಾರೆ. ಅವರಿಗೆ ಯಾರು ಚಿನ್ನ ಕೊಟ್ಟರು?

ತುಂಗಾತೀರ | ಜನವರಿ 13, ಬೆಳಗ್ಗೆ 3:15

ಕೊಡಚಾದ್ರಿ ಜೀಪು ನನ್ನ ಕಣ್ಣೆದುರೇ ಬೆಳೆದದ್ದು ಮಾರಾಯ್ರೆ, ಆ ಚಾಲಕರ ಬಗ್ಗೆ ಎರಡು ಮಾತಿಲ್ಲ. ಆದರೆ ಅವರದ್ದು ಫೋರ್ ಬೈ ಫೋರ್. ಇಲ್ಲಿ ಅದಕ್ಕೆ ಪ್ರವೇಶವೇ ಇಲ್ಲ. ಒಂದು ಚಕ್ರ ಜಾರಿದಾಗ ಇನ್ನೊಂದಕ್ಕೆ ಬಲ ದಾಟಿಸುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಕೂಡ ನಿಷಿದ್ಧ. ಮುಳ್ಳುಮುಳ್ಳಾದ ಸ್ಪರ್ಧೆ ಟಯರ್ ಹಾಕುವ ಹಾಗಿಲ್ಲ, ರಸ್ತೆ ಟಯರೇ ಆಗಬೇಕು. ಹೆಡ್‌ಲೈಟು, ನಂಬರ್ ಪ್ಲೇಟು, ವಿಮೆ ಎಲ್ಲ ಇರುವ, ಸೋಮವಾರ ಆಫೀಸಿಗೆ ತರಬಹುದಾದ ಗಾಡಿ. ನಮ್ಮವರು ತಂದೂ ತಂದರು, ಸೀಟಿನ ಕೆಳಗೆ ಸಿಮ್ಸ್ ಹಿಲ್‌ನ ಮಣ್ಣು ಹಾಗೇ ಇತ್ತು.

ಲಾಟರಿ ಮಾತು: ಅದೇ ಏರನ್ನು ಅದೇ ದಿನ ನಮಗಿಂತ ಹಿಂದೆ ಬಂದ ಒಂದು ಬೀಟಲ್ ಹತ್ತಿಹೋಯಿತು. ಕೆಸರು ಅಷ್ಟು ಹೊತ್ತಿಗೆ ಇನ್ನೂ ಹದಗೆಟ್ಟಿತ್ತು. ಇದಕ್ಕೆ ಏನಂತೀರಿ?

ಗ್ಯಾರೇಜ್ ಮೇಷ್ಟ್ರು | ಜನವರಿ 13, ಬೆಳಗ್ಗೆ 6:50

ಪಾಲಿಟೆಕ್ನಿಕ್‌ನಲ್ಲಿ ಮೂವತ್ತು ವರ್ಷ ಆಟೊಮೊಬೈಲ್ ಹೇಳಿಕೊಟ್ಟವನು, ಲೆಕ್ಕ ಬರೆಯದೆ ಇರಲಾರೆ. ಬೇಡದವರು ದಾಟಿ ಹೋಗಿ.

ಮೂರು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವ ದಾರಿ ಅಂತಿಟ್ಟುಕೊಳ್ಳಿ. ಕೋನ ಸುಮಾರು ಹದಿನೆಂಟೂವರೆ ಡಿಗ್ರಿ. ಕೇಳಲು ಕಡಿಮೆ, ಒಳಗೆ ಕೂತವರಿಗೆ ಆಕಾಶ ಮಾತ್ರ ಕಾಣುತ್ತದೆ. ನಾಲ್ಕೂ ಚಕ್ರ ತಳ್ಳುವ ಗಾಡಿಗೆ ಅಲ್ಲಿ ಬೇಕಾದ ಹಿಡಿತ, ಅಂದರೆ ಘರ್ಷಣಾಂಕ, 0.33. ಎರಡೇ ಚಕ್ರ ತಳ್ಳುವುದಾದರೆ ಆ 0.33ನ್ನು ಆ ಎರಡು ಚಕ್ರದ ಮೇಲೆ ತೂಕದ ಎಷ್ಟು ಪಾಲು ಕೂತಿದೆಯೋ ಅದರಿಂದ ಭಾಗಿಸಬೇಕು. ಎಲ್ಲ ಆಟ ಇರುವುದು ಆ ಭಾಗಾಕಾರದಲ್ಲಿ.

ಬೀಟಲ್‌ನ ಎಂಜಿನ್ ಹಿಂದೆ, ಡಿಕ್ಕಿಯ ಜಾಗದಲ್ಲಿ. ಸಮತಟ್ಟಿನಲ್ಲೇ ತೂಕದ ಹತ್ತಿರಹತ್ತಿರ 60 ಭಾಗ ಹಿಂದಿನ ಚಕ್ರದ ಮೇಲೆ. ಏರಿನಲ್ಲಿ ಮೂಗು ಮೇಲೆದ್ದಾಗ ಇನ್ನೊಂದು ಏಳು ಭಾಗ ಹಿಂದಕ್ಕೆ ಸರಿಯುತ್ತದೆ. 0.33ನ್ನು 0.67ರಿಂದ ಭಾಗಿಸಿ: 0.49. ಈಗಿನ ನಮ್ಮ ಸಣ್ಣ ಕಾರುಗಳು ಮುಂದಿನ ಚಕ್ರ ಎಳೆಯುವಂಥವು. ಮುಂದೆ 60 ಭಾಗ ಇದ್ದರೂ ಏರಿನಲ್ಲಿ ಏಳು ಭಾಗ ಕೈಬಿಟ್ಟು ಹೋಗಿ 53 ಉಳಿಯುತ್ತದೆ: 0.62. ಒದ್ದೆ ಮಣ್ಣು ಅಷ್ಟೆಲ್ಲ ಹಿಡಿತ ಕೊಡುವುದಿಲ್ಲ. ಮಲೆನಾಡಿನಲ್ಲಿ ಮಾರುತಿ 800 ತೋಟದ ಏರು ಹತ್ತದಿದ್ದಾಗ ತಿರುಗಿಸಿ ರಿವರ್ಸ್‌ನಲ್ಲಿ ಹತ್ತಿಸುತ್ತಿದ್ದರಲ್ಲ, ಅವರು ಈ ಭಾಗಾಕಾರ ಮಾಡಿರಲಿಲ್ಲ, ಆದರೆ ಉತ್ತರ ಗೊತ್ತಿತ್ತು.

ಇನ್ನು ಕೆಸರಿನಲ್ಲಿ ಮಾಮೂಲಿ ಡಿಫರೆನ್ಷಿಯಲ್ ಬಡಪಾಯಿ. ಒಂದು ಚಕ್ರ ಜಾರಿತು ಅಂದರೆ ಎಂಜಿನ್ನಿನ ಬಲವೆಲ್ಲ ಆ ಜಾರುವ ಚಕ್ರದಲ್ಲೇ ಗಿರಗಿರ ತಿರುಗಿ ಪೋಲಾಗುತ್ತದೆ, ನೆಟ್ಟಗೆ ನಿಂತ ಚಕ್ರ ಸುಮ್ಮನೆ ನೋಡುತ್ತದೆ. ಹಾಗಾಗಿ ಎಕ್ಸಲೇಟರ್ ತುಳಿದಷ್ಟೂ ಹೊಂಡ ಆಳವಾಗುತ್ತದೆ. ಗಾಳಿ ಇಳಿಸುವುದು ಟಯರು ನೆಲಕ್ಕೆ ಉದ್ದಕ್ಕೆ ಅಂಟಲಿ ಅಂತ.

ಈಗ ಕುಣಿತ. ನೀವು ಕಾಲೊತ್ತಿ ಏಳುವಾಗ ಗಾಡಿಗೆ ಭಾರ, ಕೂತು ಬೀಳುವಾಗಲೂ ಭಾರ. ನಡುವೆ ಗಾಳಿಯಲ್ಲಿರುವ ಹೊತ್ತು ಭಾರ ಕಡಿಮೆ. ಹಾಗಾಗಿ ಎತ್ತರಕ್ಕೆ ಹಾರಬೇಡಿ, ಚಿಕ್ಕಚಿಕ್ಕದಾಗಿ, ಸ್ಪ್ರಿಂಗು ಕುಪ್ಪಳಿಸುವ ತಾಳಕ್ಕೆ ಸರಿಯಾಗಿ. ಮುಖ್ಯ ಮಾತು: ಚಕ್ರ ಜಾರಿದ್ದು ಕಂಡಮೇಲೆ ಅಲ್ಲ, ಅದಕ್ಕೂ ಮೊದಲು, ಎಂಜಿನ್ನಿನ ಸದ್ದು ಇಳಿಯಲು ಶುರುವಾದಾಗಲೇ. ಕಣ್ಣು ಮುಚ್ಚಿ ಕಿವಿಯಲ್ಲಿ ಕೇಳಿ.

ತುಂಗಾತೀರ | ಜನವರಿ 13, ಮಧ್ಯಾಹ್ನ 1:20

ಮೇಷ್ಟ್ರೇ, ಇದನ್ನು ಇಂಗ್ಲಿಷಿನಲ್ಲಿ ಹಿರಿಯರಿಗೆ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ನಿಮ್ಮ ಮೇಷ್ಟ್ರ ತೂಕ ಎಷ್ಟು?" ಅಂತ ಕೇಳಿದರು.

ಬುಲೆಟ್ ರಾಣಿ | ಜನವರಿ 13, ಸಂಜೆ 7:02

ನನಗೊಂದು ಅನುಮಾನ. ಇಂಥದ್ದಕ್ಕೆ ರಿಲಯಬಿಲಿಟಿ ಟ್ರಯಲ್ ಅಂತಲೂ ಹೆಸರಿದೆಯಲ್ಲ, ಅದು ಯಾಕೆ? ಗುಡ್ಡ ಹತ್ತುವುದಕ್ಕೂ ಗಾಡಿ ನಂಬಿಕೆಗೆ ನಿಲ್ಲುವುದಕ್ಕೂ ಏನು ಸಂಬಂಧ?

ಗ್ಯಾರೇಜ್ ಮೇಷ್ಟ್ರು | ಜನವರಿ 13, ರಾತ್ರಿ 8:30

ಒಳ್ಳೆ ಪ್ರಶ್ನೆ ತಾಯಿ. ಇದನ್ನು ನಡೆಸುವ ಮೋಟರ್ ಸೈಕ್ಲಿಂಗ್ ಕ್ಲಬ್ ಹುಟ್ಟಿದ್ದು 1901ರಲ್ಲಿ. ಆಗ ಮೋಟರ್ ಗಾಡಿ ಕೊಂಡವನಿಗೆ ಇದ್ದ ಭಯ ಒಂದೇ, ನಡುದಾರಿಯಲ್ಲಿ ಕೈಕೊಡುತ್ತದೆಯೋ ಅಂತ. ಬೆಲ್ಟು ಹರಿಯುತ್ತಿತ್ತು, ದೀಪ ಆರುತ್ತಿತ್ತು, ದಿನಕ್ಕೆ ಎಷ್ಟು ಪಂಚರ್ ಅಂತ ಲೆಕ್ಕವಿರಲಿಲ್ಲ. 1904ರಲ್ಲಿ ಲಂಡನ್ನಿನಿಂದ ಎಡಿನ್‌ಬರೋಗೆ, ಸುಮಾರು 640 ಕಿಲೋಮೀಟರನ್ನು 24 ಗಂಟೆಯೊಳಗೆ ಮುಟ್ಟಿಸುವ ಓಟ ಇಟ್ಟರು. ಆಗಿನ ಕಾನೂನಿನ ವೇಗಮಿತಿ ಗಂಟೆಗೆ 20 ಮೈಲಿ, ಅಂದರೆ 32 ಕಿಲೋಮೀಟರ್. ಜೋರಾಗಿ ಓಡಿಸಿ ಗೆಲ್ಲುವ ಮಾತೇ ಇಲ್ಲ, ನಿಲ್ಲದೆ ಓಡಿಸಿ ಗೆಲ್ಲಬೇಕು. 1908ರಲ್ಲಿ ಲ್ಯಾಂಡ್ಸ್ ಎಂಡ್, 1910ರಲ್ಲಿ ಎಕ್ಸೆಟರ್ ಸೇರಿಕೊಂಡವು.

ಗುಡ್ಡ ದಾರಿಯಲ್ಲಿ ಸಿಕ್ಕ ತೊಡಕು, ಅಷ್ಟೆ. ಆ ಕಾಲದ ಗಾಡಿಗೆ ಮಾಮೂಲಿ ರಸ್ತೆಯ ಏರೇ ಒಂದು ಪರೀಕ್ಷೆ. ಆಮೇಲೆ ಗಾಡಿ ಸುಧಾರಿಸಿತು, ದೂರ ಓಡುವುದು ಯಾರಿಗೂ ದೊಡ್ಡ ವಿಷಯವಾಗಲಿಲ್ಲ. ಪದಕ ಎಲ್ಲರಿಗೂ ಸಿಗತೊಡಗಿದರೆ ಪರೀಕ್ಷೆ ಎಲ್ಲಿಂದ ಬರಬೇಕು? ಸಂಘಟಕರು ರಸ್ತೆ ಬಿಟ್ಟು ಇನ್ನೂ ಕಡಿದಾದ ಗಾಡಿಜಾಡು ಹುಡುಕಿಕೊಂಡು ಹೋದರು. ಎಕ್ಸ್‌ಮೂರಿನ ಬೆಗ್ಗರ್ಸ್ ರೂಸ್ಟ್, ಕಾರ್ನ್‌ವಾಲ್‌ನ ಸಮುದ್ರದಂಡೆಯ ಹಳೇ ತವರದ ಗಣಿಯ ದಾರಿಯಾದ ಬ್ಲೂ ಹಿಲ್ಸ್, ಇವೆಲ್ಲ ಹಾಗೆ ಬಂದವು.

ಒಂದು ತಮಾಷೆ: ಎಡಿನ್‌ಬರೋ ಟ್ರಯಲ್ ಈಗ ಎಡಿನ್‌ಬರೋ ಕಡೆ ತಲೆಯನ್ನೂ ಹಾಕುವುದಿಲ್ಲ. ಅಕ್ಟೋಬರ್‌ನಲ್ಲಿ ಡರ್ಬಿಶೈರ್‌ನ ಗುಡ್ಡಗಳಲ್ಲೇ ಸುತ್ತುತ್ತದೆ. ಹೆಸರು ಮಾತ್ರ ಬಿಟ್ಟಿಲ್ಲ.

ಧಾರವಾಡ ಪೇಡೆ | ಜನವರಿ 13, ರಾತ್ರಿ 9:11

ನಮ್ಮ ಮಾಮಾನ ಮನ್ಯಾಗ ಎಂಜಿ ಕಾರ್ ಐತ್ರಿ. ಆ ಕಂಪನಿದ ಮೊದಲನೇ ಕಾರು ಇದ ಲ್ಯಾಂಡ್ಸ್ ಎಂಡ್ ಟ್ರಯಲ್‌ಗಂತ ಮಾಡಿದ್ದು ಅಂತ ಎಲ್ಲ್ಯೋ ಓದಿದ್ದೆ. ಖರೇನ ಏನ್ರಿ?

ಸಂಶಯಪಿಶಾಚಿ | ಜನವರಿ 13, ರಾತ್ರಿ 9:48

ಅರ್ಧ ಖರೆ. ಎಂಜಿ ಅಂದರೆ ಆಕ್ಸ್‌ಫರ್ಡಿನ ಮಾರಿಸ್ ಗ್ಯಾರೇಜಸ್. ಅದರ ಮ್ಯಾನೇಜರ್ ಸೆಸಿಲ್ ಕಿಂಬರ್, ಮಾರಿಸ್ ಕಾರಿನ ಚಾಸಿಯನ್ನು ಮಾರ್ಪಡಿಸಿ ಒಂದು ಬೋಳು ಗಾಡಿ ಮಾಡಿಸಿ, 1925ರ ಲ್ಯಾಂಡ್ಸ್ ಎಂಡ್ ಟ್ರಯಲ್‌ನಲ್ಲಿ ತಾನೇ ಓಡಿಸಿ ಚಿನ್ನ ತಂದ. ಮುಂದೆ ಅದಕ್ಕೆ 'ಓಲ್ಡ್ ನಂಬರ್ ಒನ್' ಅಂತ ಹೆಸರಿಟ್ಟರು. ಆದರೆ ಅದಕ್ಕೂ ಮೊದಲೇ ಎಂಜಿ ಹೆಸರಿನಲ್ಲಿ ಕಾರು ಮಾರಾಟವಾಗಿದ್ದವು. ಮೊದಲನೆಯದಲ್ಲ, ಮೊದಲನೆಯದು ಅಂತ ಜಾಹೀರಾತಿಗೆ ಹೇಳಿಸಿಕೊಂಡದ್ದು. ಅಂಬಾಸಡರ್ ಮೂಲ ಮಾರಿಸ್ ಆಕ್ಸ್‌ಫರ್ಡ್ ಅಲ್ಲವೇ? ಅದೂ ಇದೂ ಒಂದೇ ಮನೆತನ.

ಗ್ಯಾರೇಜ್ ಮೇಷ್ಟ್ರು | ಜನವರಿ 13, ರಾತ್ರಿ 10:02

ಪಿಶಾಚಿಗಳೇ, ಲಾಟರಿ ಅಂದವರು ನೀವೇ ಅಲ್ಲವೇ? ಇಷ್ಟೆಲ್ಲ ಓದಿಕೊಂಡಿದ್ದೀರಿ!

ಸೇರಿಸುತ್ತೇನೆ. ಮೂರು ಚಕ್ರದ ಗಾಡಿಯ ಎಚ್. ಎಫ್. ಎಸ್. ಮಾರ್ಗನ್ 1910ರ ಡಿಸೆಂಬರ್‌ನಲ್ಲಿ ತನ್ನ ಹೊಸ ಗಾಡಿಯನ್ನು ಲಂಡನ್-ಎಕ್ಸೆಟರ್ ಟ್ರಯಲ್‌ಗೆ ತಂದು ಚಿನ್ನ ಗೆದ್ದ. ಗಿರಾಕಿಗಳು ನಂಬಿದ್ದು ಅದನ್ನು ನೋಡಿ. ಲೋಟಸ್ ಕಟ್ಟಿದ ಕಾಲಿನ್ ಚಾಪ್ಮನ್‌ನ ಮೊದಲ ಗಾಡಿ, 1948ರದು, ಹಳೇ ಆಸ್ಟಿನ್ ಸೆವೆನ್ ಬಿಚ್ಚಿ ಮಾಡಿದ ಟ್ರಯಲ್ ಕಾರು. ಫಾರ್ಮುಲಾ ಒನ್ ಗೆದ್ದವನು ಶುರುಮಾಡಿದ್ದು ಕೆಸರಿನಲ್ಲಿ.

ಬುಲೆಟ್ ರಾಣಿ | ಜನವರಿ 14, ಬೆಳಗ್ಗೆ 9:25

ಕಾರು ಕಾರು ಅಂತ ಕೊರೆದದ್ದು ಸಾಕು, ಬೈಕಿಗೆ ಬನ್ನಿ. ನಾನು ಓಡಿಸುವ ಬುಲೆಟ್‌ನ ಮರ್ಯಾದೆ ಇದೇ ಜಾತಿಯ ಕೆಸರಿನಿಂದ ಬಂದದ್ದು. ಸ್ಕಾಟ್ಲೆಂಡಿನಲ್ಲಿ ಆರು ದಿನದ ಟ್ರಯಲ್ ಒಂದಿದೆ, 1909ರಲ್ಲಿ ಶುರುವಾದದ್ದು. ಜಾನಿ ಬ್ರಿಟನ್ ಅದನ್ನು 1952ರಲ್ಲೂ 1957ರಲ್ಲೂ ರಾಯಲ್ ಎನ್‌ಫೀಲ್ಡ್ ಬುಲೆಟ್ ಮೇಲೆ ಗೆದ್ದರು. ಆ ನಡುವೆಯೇ, 1955ರಲ್ಲಿ, ಮದ್ರಾಸಿನಲ್ಲಿ ಬುಲೆಟ್ ಜೋಡಿಸುವುದು ಶುರುವಾಯಿತು. 2019ರಲ್ಲಿ ಇಲ್ಲಿ ಬುಲೆಟ್ ಟ್ರಯಲ್ಸ್ ಅಂತ ಬಂತಲ್ಲ, ಎತ್ತಿ ಕೂರಿಸಿದ ಸೈಲೆನ್ಸರು, ಗುಂಡಿಗುಂಡಿ ಟಯರು, ಅದು ಈ ನೆನಪಿಗೇ.

ಆ ಬಗೆಯ ಟ್ರಯಲ್‌ನಲ್ಲಿ ಲೆಕ್ಕ ಬೇರೆ. ಕಾಲು ಒಂದು ಸಲ ನೆಲಕ್ಕೆ ತಗುಲಿದರೆ ಒಂದು ತಪ್ಪಂಕ, ಎರಡು ಸಲಕ್ಕೆ ಎರಡು, ಮೂರು ಮತ್ತು ಮೇಲಕ್ಕೆ ಮೂರು, ನಿಂತರೆ ಐದು. ಮನೆಯ ಅಂಗಳದಲ್ಲಿ ಮೂರು ಇಟ್ಟಿಗೆ ಇಟ್ಟುಕೊಂಡು ಪ್ರಯತ್ನಿಸಿ, ಆಮೇಲೆ ಲಾಟರಿ ಅನ್ನಿ.

ಇನ್ನೊಂದು, ಇದು ನನ್ನ ಖುಷಿಗೆ. 1927ರಲ್ಲಿ ಇಂಗ್ಲೆಂಡಿನಲ್ಲೇ ನಡೆದ ಅಂತರರಾಷ್ಟ್ರೀಯ ಆರು ದಿನದ ಟ್ರಯಲ್‌ನಲ್ಲಿ ಬೆಳ್ಳಿ ಹೂದಾನಿ ಗೆದ್ದದ್ದು ಮೂವರು ಹೆಂಗಸರ ತಂಡ: ಮಾರ್ಜರಿ ಕಾಟಲ್, ಲೂಯಿ ಮೆಕ್ಲೀನ್, ಈಡಿತ್ ಫೋಲಿ. ಸಿಗ್ನಲ್‌ನಲ್ಲಿ ನನ್ನ ಗಾಡಿ ನೋಡಿ "ಮೇಡಂ, ಭಾರ ಆಗಲ್ವಾ?" ಅಂತ ಕೇಳುವವರಿಗೆ ಈ ಹೆಸರು ಒಪ್ಪಿಸೋಣ ಅನ್ನುವಷ್ಟರಲ್ಲಿ ಹಸಿರು ಬಿದ್ದಿರುತ್ತದೆ.

ಧಾರವಾಡ ಪೇಡೆ | ಜನವರಿ 14, ಬೆಳಗ್ಗೆ 10:40

ಹಂಗಾರ ನಾವೂ ಒಂದು ಇಟ್ಟರ ಹ್ಯಾಂಗ್ರಿ? ಮಳಿಗಾಲದಾಗ ಸಕಲೇಶಪುರದ ಕಡೆ. ಹಳೇ ಪದ್ಮಿನಿ, ಅಂಬಾಸಡರ್, ಜಾವಾ, ಬುಲೆಟ್. ಸಿಕ್ಕೊಂಡ್ರ ಟೋಚನ್ ಹಾಕಾಕ ನಾ ಟ್ರ್ಯಾಕ್ಟರ್ ತರ್ತೇನಿ.

ಕಾಫಿತೋಟ | ಜನವರಿ 14, ಮಧ್ಯಾಹ್ನ 12:15

ಬರಬೇಡಿ. ಸಿಟ್ಟಿನಿಂದ ಹೇಳ್ತಿಲ್ಲ, ಆದರೂ ಬರಬೇಡಿ.

ನಾನು ಸಕಲೇಶಪುರದವನೇ. ಶನಿವಾರ ಭಾನುವಾರ ಬಂದು ಹೋಗುವ ಜೀಪುಗಳಿಂದ ನಮ್ಮ ತೋಟದ ಮೇಲಿನ ಗಾಡಿದಾರಿ ಈಗಾಗಲೇ ಚರಂಡಿಯಾಗಿದೆ. ಚಕ್ರ ಗಿರಗಿರ ತಿರುಗಿ ಕೊರೆದ ಜಾಡಿನಲ್ಲಿ ಮಳೆನೀರು ಇಳಿಯುತ್ತದೆ, ಮುಂದಿನ ವರ್ಷ ಅದು ಮೊಳಕಾಲುದ್ದ, ಅದರಾಚೆ ವರ್ಷ ಸೊಂಟದುದ್ದ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಹೇಗೆ ಇಳಿಯಿತು ಅಂತ ನೋಡಿದವರಿಗೆ ಒದ್ದೆ ಗುಡ್ಡದ ಮೇಲೆ ಆಟ ಬರುವುದಿಲ್ಲ.

ತುಂಗಾತೀರ | ಜನವರಿ 14, ಸಂಜೆ 6:30

ಕಾಫಿತೋಟದವರು ಹೇಳಿದ್ದಕ್ಕೆ ನನ್ನ ಸಹಿ ಇದೆ. ಇಲ್ಲಿನ ಮಳೆ ಅಂದರೆ ಜಿಟಿಜಿಟಿ, ಡಾರ್ಟ್‌ಮೂರಿನ ಎತ್ತರದಲ್ಲೂ ವರ್ಷಕ್ಕೆ 2000 ಮಿಲಿಮೀಟರ್ ಆಸುಪಾಸು, ಅದೂ ಹನ್ನೆರಡು ತಿಂಗಳಿಗೆ ಹಂಚಿಕೊಂಡು. ನಮ್ಮ ಆಗುಂಬೆಯಲ್ಲಿ 7000 ದಾಟುತ್ತದೆ, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಇದೇ ಆಟವನ್ನು ಎತ್ತಿ ಅಲ್ಲಿಗೆ ತಂದಿಡಲು ಆಗುವುದಿಲ್ಲ.

ಇಲ್ಲೂ ಜಗಳ ಇಲ್ಲದೆ ಇಲ್ಲ. ನಡೆಯುವವರು, ಕುದುರೆಯವರು, ರೈತರು, ಎಲ್ಲರಿಗೂ ಅದೇ ಓಣಿ ಬೇಕು. 2006ರಲ್ಲಿ ಒಂದು ಕಾನೂನು ಬಂದು, ದಾಖಲೆಯಲ್ಲಿ ಮೋಟರ್ ಹಕ್ಕು ಬರೆದಿರದ ಎಷ್ಟೋ ಹಳೇ ಜಾಡುಗಳಲ್ಲಿ ಗಾಡಿ ಓಡಿಸುವ ಹಕ್ಕೇ ಹೋಯಿತು. 2001ರಲ್ಲಿ ದನಗಳಿಗೆ ಕಾಲುಬಾಯಿ ರೋಗ ಬಂದಾಗಂತೂ ಹಳ್ಳಿದಾರಿಗಳನ್ನು ನಡೆಯುವವರಿಗೂ ಮುಚ್ಚಿದ್ದರಂತೆ. ನಾನು ಕಂಡ ಮಟ್ಟಿಗೆ ಆಯಾ ಏರಿಗೆ ವರ್ಷದಲ್ಲಿ ಒಂದು ದಿನ, ಮೊದಲೇ ಒಪ್ಪಿಗೆ, ಮಾರ್ಷಲ್‌ಗಳ ಕಾವಲು. ಮುಗಿದ ಮೇಲೆ ಓಣಿಯ ಬಾಯಲ್ಲಿ ಒಬ್ಬಾಕೆ ಸಲಿಕೆ ಹಿಡಿದು ರಸ್ತೆಗೆ ಬಿದ್ದ ಕೆಸರು ಎಳೆಯುತ್ತಿದ್ದರು. ಅವರೂ ಕ್ಲಬ್ಬಿನವರೇ.

ಸಂಶಯಪಿಶಾಚಿ | ಜನವರಿ 14, ರಾತ್ರಿ 8:17

ಆ ಸಲಿಕೆಯಾಕೆಗೆ ಚಿನ್ನ ಕೊಡಿ, ನಾನು ಲಾಟರಿ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ.

ಧಾರವಾಡ ಪೇಡೆ | ಜನವರಿ 14, ರಾತ್ರಿ 8:55

ಕಾಫಿತೋಟ ಅಣ್ಣಾರ, ತಪ್ಪಾತು. ನಮ್ಮ ಹೊಲದಾಗ ಎರಿ ಮಣ್ಣಿನ ಒಂದು ದಿಬ್ಬ ಐತಿ, ಅಲ್ಲೇ ಇಡ್ತೇನಿ. ಮಳಿ ಬಿದ್ರ ಆ ಮಣ್ಣಾಗ ಚಪ್ಪಲ್ಲ ಬಿಟ್ಟು ಬರಬೇಕು, ಕಾರ್ ಏನು ಹತ್ತೀತು.

ನಿರ್ವಾಹಕ | ಜನವರಿ 15, ಬೆಳಗ್ಗೆ 8:00

ಅಪರೂಪಕ್ಕೆ ಯಾರೂ ಯಾರಿಗೂ ಬೈಯದ ಚರ್ಚೆ. ಮೇಲೆ ಅಂಟಿಸಿದ್ದೇನೆ. ತುಂಗಾತೀರ, ಈಸ್ಟರ್ ಕಥೆ ಬಾಕಿ ಇದೆ, ಮರೆಯಬೇಡಿ.

ತುಂಗಾತೀರ | ಈಸ್ಟರ್ ಭಾನುವಾರ, ಸಂಜೆ 5:50

ಬಂದೆ. ಮೈಯೆಲ್ಲ ನೋವು, ಟೈಪು ತಪ್ಪಿದ್ದರೆ ಕ್ಷಮಿಸಿ.

ಬೆಗ್ಗರ್ಸ್ ರೂಸ್ಟ್ ಬುಡದಲ್ಲಿ ಸರದಿಗೆ ನಿಂತಿದ್ದಾಗ ಹಿರಿಯರು ಎಂಜಿನ್ ಆರಿಸಿ, ನನ್ನ ಕಡೆ ತಿರುಗಿ, "ಮೇಷ್ಟ್ರು ಹೇಳಿದ ಹಾಗೆ" ಅಂದರು. ಮೇಷ್ಟ್ರು ಅನ್ನುವ ಪದ ಕಲಿತುಬಿಟ್ಟಿದ್ದಾರೆ, 'ಮೆಸ್ಟ್ರು' ಅನ್ನುತ್ತಾರೆ. ನಮ್ಮ ಸರದಿ ಬಂತು. ನಡುವೆ ರೀಸ್ಟಾರ್ಟ್ ಗೆರೆ. ನಿಲ್ಲಿಸಿದರು, ಹ್ಯಾಂಡ್ ಬ್ರೇಕ್ ಎಳೆದರು. ಮಾರ್ಷಲ್ ಬಾವುಟ ಆಡಿಸಿದ. ಕ್ಲಚ್ಚು ಕಚ್ಚಿ ಎಂಜಿನ್ ಸದ್ದು ಒಂದು ಎಳೆ ಇಳಿಯಿತು ನೋಡಿ, ನಾನು ಶುರುಮಾಡಿದೆ. ಸಣ್ಣಸಣ್ಣದಾಗಿ, ಸೊಸೈಟಿಯಲ್ಲಿ ಅಕ್ಕಿ ಚೀಲ ಕುಟ್ಟಿ ಕೂರಿಸುವ ಹಾಗೆ. ಚಕ್ರ ಒಂದು ಸುತ್ತು ಸುಮ್ಮನೆ ತಿರುಗಿತು, ಇನ್ನೊಂದು ಸುತ್ತಿಗೆ ಏನೋ ಸಿಕ್ಕಿತು, ಗಾಡಿ ಹೊರಟಿತು. ಮೇಲೆ ಮುಟ್ಟುವ ತನಕ ಇಬ್ಬರೂ ಉಸಿರು ಬಿಡಲಿಲ್ಲ.

ಆಮೇಲೆ ಒಂದು ಸುಲಭದ ಏರಿನಲ್ಲಿ, ಹೆಸರು ಹೇಳಲು ನಾಚಿಕೆ, ಹಿರಿಯರು ಗೇರು ತಪ್ಪಿ ಹಾಕಿ ನಿಲ್ಲಿಸಿಬಿಟ್ಟರು. ಚಿನ್ನ ಹೋಯಿತು, ಬೆಳ್ಳಿ ಬರಬಹುದು, ಫಲಿತಾಂಶ ಇನ್ನೂ ಬಂದಿಲ್ಲ. ಬ್ಲೂ ಹಿಲ್ಸ್ ಹತ್ತುವಾಗ ಒಂದು ಕಡೆ ಬಂಡೆ, ಕೆಳಗೆ ಸಮುದ್ರ. ನಾನು ನೋಡಲಿಲ್ಲ, ಕಣ್ಣು ಮುಚ್ಚಿಕೊಂಡು ಸದ್ದು ಕೇಳುತ್ತಿದ್ದೆ. ಅದನ್ನೂ ಹತ್ತಿದೆವು.

ವಾಪಸ್ ಬರುವಾಗ ಗೇರಿನ ವಿಷಯ ನಾನೂ ಒಂದು ಮಾತು ಎತ್ತಲಿಲ್ಲ.

ಗ್ಯಾರೇಜ್ ಮೇಷ್ಟ್ರು | ಈಸ್ಟರ್ ಭಾನುವಾರ, ರಾತ್ರಿ 11:20

ಶಹಬ್ಬಾಸ್. ಎಪ್ಪತ್ತೊಂದು ಕಿಲೋ ಅಂತ ಹೇಳಿ ಅವರಿಗೆ. ಊಟದ ಮೊದಲು.